ಬೆಳೆಯದೆ ನಿಂತ ಮೂವತ್ತೆಂಟು ಮರಗಳು

ಈ ವೃಕ್ಷೋದ್ಯಾನದ ಮಾನ್ಯ ಅಧ್ಯಕ್ಷರೇ, ನನ್ನ ಬಗ್ಗೆ ಇಷ್ಟು ಹೊತ್ತು ಉದಾರವಾಗಿ ಮಾತನಾಡಿದ ಅತಿಥಿಗಳೇ, ಸಹೋದ್ಯೋಗಿಗಳೇ, ಕುರ್ಚಿ ಸಾಲದೆ ಬಾಗಿಲ ಬಳಿ ನಿಂತಿರುವ ತೋಟದ ಕೆಲಸದವರೇ, ಸಭಿಕರೇ,

ಹತ್ತು ನಿಮಿಷದಲ್ಲಿ ಮುಗಿಸಿ ಎಂದು ಕಾರ್ಯದರ್ಶಿಗಳು ಚೀಟಿ ಕೊಟ್ಟಿದ್ದಾರೆ. ಮರ ಓದುವವರಿಗೆ ಸಮಯದ ಅಂದಾಜು ಸ್ವಲ್ಪ ಕಡಿಮೆ. ಮೂವತ್ತು ವರ್ಷ ಆಗಿದ್ದರೂ ‘ಇನ್ನೂ ಚಿಕ್ಕದು’ ಎನ್ನುವ ಜನ ನಾವು. ಆದರೂ ಪ್ರಯತ್ನಿಸುತ್ತೇನೆ. ನಿಜ ಹೇಳಬೇಕೆಂದರೆ, ನನಗೂ ಸಾಕಾಗಿದೆ.

ಈಗಷ್ಟೇ ಅತಿಥಿಗಳು ನನ್ನ ಮೊದಲ ಸಂಶೋಧನೆಯನ್ನು ಹೊಗಳಿದರು. ಉತ್ತರದ ಗೇಟಿನ ಪಕ್ಕದ ಮೂವತ್ತೆಂಟು ಮರಗಳು ಬೆಳೆಯುವುದನ್ನೇ ನಿಲ್ಲಿಸಿದ್ದವು. ಸಂದರ್ಶಕರ ಗಾಡಿಗಳು ನಿಂತೂ ನಿಂತೂ ಅಲ್ಲಿನ ಮಣ್ಣು ಕಲ್ಲಿನಂತಾಗಿತ್ತು, ಬೇರುಗಳಿಗೆ ಉಸಿರಿರಲಿಲ್ಲ. ಅದನ್ನು ಕಂಡುಹಿಡಿದವಳು ನಾನು ಎಂದರು. ಕಂಡುಹಿಡಿದವಳು ನಾನೇ? ಹತ್ತಿರ ಹತ್ತಿರ ಮೂವತ್ತು ವರ್ಷದಿಂದ ಎಲ್ಲ ಸಭೆಗಳಲ್ಲೂ ಈ ಮಾತಿಗೆ ತಲೆ ತಗ್ಗಿಸಿ ನಕ್ಕಿದ್ದೇನೆ. ಅದನ್ನು ವಿನಯವೆಂದು ನೀವು ತಿಳಿದಿರಿ.

ಆಗ ಇಲ್ಲಿ ಮರ ಅಳೆಯುವವರೊಬ್ಬರಿದ್ದರು. ಎಲ್ಲರೂ ಅವರನ್ನು ಟೇಪಣ್ಣ ಎನ್ನುತ್ತಿದ್ದೆವು. ವರ್ಷಕ್ಕೆರಡು ಸಲ ಪ್ರತಿ ಮರದ ಎದೆಮಟ್ಟದಲ್ಲಿ, ಬಿಳಿ ಬಣ್ಣದ ಗೆರೆಯ ಮೇಲೇ ಟೇಪು ಸುತ್ತಿ ಸುತ್ತಳತೆ ಬರೆಯುವುದು ಅವರ ಕೆಲಸ. ತೊಗಟೆಯ ಮೇಲಿನ ಹಾವಸೆಯನ್ನು ಮೊದಲು ಅಂಗೈಯಿಂದ ಒರೆಸುತ್ತಿದ್ದರು, ಮಗುವಿನ ಮುಖ ಒರೆಸಿದ ಹಾಗೆ. ಉತ್ತರದ ಗೇಟಿನ ಆ ಮೂವತ್ತೆಂಟು ಮರಗಳ ಅಂಕಿಗಳು ಮೂರು ವರ್ಷ ಒಂದು ಮಿಲಿಮೀಟರೂ ಅಲುಗಲಿಲ್ಲ. ಆಗಿನ ನಿರ್ದೇಶಕರು ಅಳತೆ ಪುಸ್ತಕವನ್ನು ನನ್ನ ಮುಂದೆ ಎಸೆದರು. “ಮನೇಲಿ ಕೂತು ಹಳೇದನ್ನೇ ನಕಲು ಹೊಡೆದಿದಾನೆ. ನೀವೇನಂತೀರಿ?”

ಏನೆನ್ನಲಿ? ನನಗೆ ಇಪ್ಪತ್ತೊಂಬತ್ತು ವರ್ಷ. ನನ್ನ ಕೆಲಸ ಕಾಯಂ ಆಗಬೇಕಿತ್ತು, ಆ ಕಡತವೂ ಅದೇ ಮೇಜಿನ ಮೇಲಿತ್ತು. ಕಡತದ ಮಾತನ್ನು ಇಂದು ಹೇಳಬೇಕೆಂದುಕೊಂಡಿರಲಿಲ್ಲ, ಬಾಯಿಗೆ ಬಂತು. “ಹೌದು ಸಾರ್, ಹಾಗೇ ಕಾಣುತ್ತೆ” ಎಂದೆ. ವರದಿಗೆ ಸಹಿ ಹಾಕಿದೆ. ಟೇಪಣ್ಣನನ್ನು ಮನೆಗೆ ಕಳಿಸಿದರು. ತೋಟದ ಹಿಂದಿನ ವಸತಿಯನ್ನೂ ಅವರು ವಾರದೊಳಗೆ ಖಾಲಿ ಮಾಡಬೇಕಾಯಿತು.

ಮರುವರ್ಷ ಅಳೆಯಲು ಯಾರೂ ಸಿಗದೆ ನಾನೇ ಹೋದೆ. ಮೊದಲ ಮರ, ಅದೇ ಅಂಕಿ. ಎರಡನೆಯದು, ಅದೇ ಅಂಕಿ. ಹನ್ನೊಂದನೆಯ ಮರದ ಬಳಿ ಟೇಪು ಸುತ್ತಿಟ್ಟು, ಕೊರೆಯುವ ಉಪಕರಣ ತರಿಸಿದೆ. ಕಾಂಡವನ್ನು ಕೊರೆದು ಪೆನ್ಸಿಲ್ ಗಾತ್ರದ ತುಂಡು ತೆಗೆದು ನೋಡಿದೆವು. ಕೊನೆಯ ನಾಲ್ಕು ವರ್ಷಗಳ ಉಂಗುರಗಳು ಕೂದಲೆಳೆಗಿಂತ ತೆಳು, ಭೂತಗನ್ನಡಿ ಇಲ್ಲದೆ ಕಾಣುತ್ತಿರಲಿಲ್ಲ.

ವಿಳಾಸ ಹುಡುಕಿಕೊಂಡು ಟೇಪಣ್ಣನ ಬಾಡಿಗೆ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಅವರು ಬೈಯಲಿಲ್ಲ.

“ಮೇಡಂ, ನೀವು ಒಂದು ಸಲ ಬಂದು ಟೇಪು ಹಿಡಿದು ನೋಡಬಹುದಿತ್ತಲ್ಲ? ಅರ್ಧ ಗಂಟೆ ಕೆಲಸ.”

“ನಿರ್ದೇಶಕರ ಹತ್ತಿರ ಮಾತಾಡ್ತೀನಿ” ಎಂದು ಎದ್ದು ಬಂದೆ. ಮಾತಾಡಲಿಲ್ಲ. ಮೊದಲು ಆ ಮರಗಳ ಬಗೆಗಿನ ನನ್ನ ಪ್ರಬಂಧ ಅಚ್ಚಾಗಲಿ ಎಂದುಕೊಂಡೆ. ಆಮೇಲೆ ಪ್ರಶಸ್ತಿ ಬಂತು, ಬಡ್ತಿ ಬಂತು, ನಿರ್ದೇಶಕರು ತೀರಿಕೊಂಡರು. ಇನ್ನು ಯಾಕೆ ಎಂದುಕೊಂಡೆ. ಹೀಗೆ ಅಂದುಕೊಳ್ಳುತ್ತಲೇ ಒಂದು ಜೀವನ ಕಳೆಯಬಹುದು ಸಭಿಕರೇ, ಕಷ್ಟವೇನಿಲ್ಲ. ನಿದ್ದೆಯೂ ಬರುತ್ತದೆ. ದಣಿವು ಮಾತ್ರ ಹೋಗುವುದಿಲ್ಲ.

ಹೋದ ವಾರ ಟೇಪಣ್ಣನ ಬಳಿ ಮತ್ತೆ ಹೋಗಿದ್ದೆ. ಅವರಿಗೀಗ ಎಪ್ಪತ್ತೇಳು, ಮಗಳ ಮನೆಯಲ್ಲಿದ್ದಾರೆ. ಅಂದು ನಡೆದದ್ದನ್ನು ನನ್ನ ನಿವೃತ್ತಿ ಸಭೆಯಲ್ಲಿ ಹೇಳುತ್ತೇನೆ, ಬನ್ನಿ ಎಂದೆ.

“ಈಗ ಹೇಳಿದ್ರೆ ನಂಗೇನು ಸಿಗುತ್ತೆ?” ಎಂದರು.

ಅಡುಗೆಮನೆಯಿಂದ ಮಗಳು ತನ್ನ ಪುಟ್ಟ ಮಗಳ ಕೈಹಿಡಿದು ಬಂದು ಬಾಗಿಲಿಗೆ ಒರಗಿ ನಿಂತಳು. “ಹೇಳಲಿ ಬಿಡಪ್ಪ. ನನ್ನನ್ನ ಶಾಲೇಲಿ ಸುಳ್ಳುಗಾರನ ಮಗಳು ಅಂತಿದ್ರು. ಮೇಡಂ, ನೀವು ಹೇಳೋದಾದ್ರೆ ಮೈಕಿನಲ್ಲೇ ಹೇಳಿ. ಇವಳನ್ನ ಕರ್ಕೊಂಡು ನಾನೇ ಬರ್ತೀನಿ.”

ಟೇಪಣ್ಣ ಬಂದಿಲ್ಲ. ಅವರ ಮಗಳು, ಮೊಮ್ಮಗಳು ಬಂದಿದ್ದಾರೆ, ಕೊನೆಯ ಸಾಲಿನಲ್ಲಿ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ.

ಅಧ್ಯಕ್ಷರೇ, ಅವರ ಸೇವಾ ಪುಸ್ತಕದಲ್ಲಿ ‘ಸುಳ್ಳು ಅಂಕಿ ಬರೆದ ಕಾರಣ ವಜಾ’ ಎಂದು ಇಂದಿಗೂ ಇದೆ. ಅದನ್ನು ಹೊಡೆದುಹಾಕಬೇಕೆಂದು, ನನ್ನ ತಪ್ಪನ್ನು ಪೂರ್ತಿ ಬರೆದು, ಬೆಳಗ್ಗೆ ನಿಮ್ಮ ಕಚೇರಿಗೆ ಪತ್ರ ಕೊಟ್ಟಿದ್ದೇನೆ. ಇಷ್ಟು ಜನರ ಎದುರು ಕೇಳುತ್ತಿರುವುದು ನಿಮಗೆ ಮುಜುಗರ ಎಂದು ಬಲ್ಲೆ. ಒಬ್ಬಳೇ ಕೇಳಿದರೆ ನಾನೇ ಮತ್ತೆ ಸುಮ್ಮನಾಗಿಬಿಡುತ್ತೇನೆ ಎಂಬ ಭಯಕ್ಕೆ ಹೀಗೆ ಮಾಡಿದೆ.

ಮಗೂ, ನಿಮ್ಮ ತಾತ ಬರೆದ ಪ್ರತಿಯೊಂದು ಅಂಕಿಯೂ ಸರಿಯಾಗಿತ್ತು. ಸುಳ್ಳಿಗೆ ಸಹಿ ಹಾಕಿದವಳು ನಾನು. ಮನೆಗೆ ಹೋಗಿ ಅವರಿಗೆ ಹೇಳು, ಮೈಕಿನಲ್ಲೇ ಹೇಳಿದರು ಅಂತ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮ್ಮೆಲ್ಲರಿಗೂ ಕೃತಜ್ಞತೆಗಳು. ನಮಸ್ಕಾರ.