ಕೈಗೆಟುಕದ ಬೆನ್ನು

ಕೇಳಿ ಭಕ್ತರೇ, ಒಂದೂರಲ್ಲಿ ಒಬ್ಬ ಶ್ರೀಮಂತ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಮೂರು ಬೀದಿ ಆಚೆ ಒಬ್ಬಳು ಅಕ್ಕ. ಪ್ರತಿ ದೀಪಾವಳಿಗೂ ಅವಳೇ ಬಂದು ತಮ್ಮನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ಅವಳ ಮಗಳ ಮದುವೆಯಲ್ಲಿ ಇವನನ್ನು ಎರಡನೇ ಪಂಕ್ತಿಗೆ ಕೂರಿಸಿದರು. ಅಷ್ಟೇ! ಎಲೆಯ ಮುಂದಿನಿಂದ ಎದ್ದ, ಮಾತು ಬಿಟ್ಟ. ನೋಡಿ, ಅನ್ನ ಅದೇ, ಸಾರು ಅದೇ!

ಆಮೇಲೆ ಅವನ ಹೆಗಲಿನ ಕಪ್ಪು ಮಚ್ಚೆ ಚರ್ಮದ ಕ್ಯಾನ್ಸರ್ ಅಂತ ತಿಳಿಯಿತು. ಡಾಕ್ಟರು ಕತ್ತರಿಸಿ ತೆಗೆದು ಹೇಳಿದರು: "ರೋಗ ಒಳಗೆ ಹರಡಿದರೆ ರಕ್ತದಲ್ಲಿ ಅದರ ಗುರುತಾದ ಒಂದು ಅಂಶ ಏರಬಹುದು. ಆಗಾಗ ಪರೀಕ್ಷೆ ಮಾಡಿಸಿ. ಆದರೆ ಅದು ತಡವಾಗಿ ಬರುವ ಸಾಕ್ಷಿ, ಅದೊಂದನ್ನೇ ನಂಬಬೇಡಿ. ಮನೆಯವರಿಗೆ ಬೆನ್ನು ತೋರಿಸಿ. ಹೊಸ ಮಚ್ಚೆ, ಗಂಟು ಕಂಡರೆ ಅವತ್ತೇ ಬನ್ನಿ."

ಮನೆಯವರು! ಯಾರು? ಕನ್ನಡಿ ಎದುರು ಕತ್ತು ತಿರುಗಿಸಿದ, ಕತ್ತು ಉಳುಕಿತು. ಡ್ರೈವರನ ಮುಂದೆ ಅಂಗಿ ಬಿಚ್ಚಲು ನಾಚಿಕೆ. ಡಾಕ್ಟರ ಹತ್ತಿರ ಹೋಗುವುದನ್ನೂ ಬಿಟ್ಟ. ಲ್ಯಾಬಿನವನು ಮನೆಗೇ ಬಂದು ರಕ್ತ ತೆಗೆಯುತ್ತಿದ್ದ. ಅಷ್ಟು ದೊಡ್ಡ ಮನೆಯಲ್ಲಿ ಅವನ ಮೈ ಮುಟ್ಟುತ್ತಿದ್ದದ್ದು ಆ ಸೂಜಿಯೊಂದೇ.

ದೀಪಾವಳಿಯ ಬೆಳಗ್ಗೆ, ಕಾಯಿಲೆಯ ಸುದ್ದಿ ಕೇಳಿದ್ದ ಅಕ್ಕ ಎಣ್ಣೆ ಬಟ್ಟಲು ಹಿಡಿದು ಗೇಟಿಗೆ ಬಂದಳು. "ಲೋ, ಬಾಗಿಲು ತೆಗಿ. ಬೆನ್ನು ತೋರಿಸು."

"ಎರಡನೇ ಪಂಕ್ತಿಯವನ ಬೆನ್ನು ನಿನಗ್ಯಾಕೆ? ನನ್ನ ರಕ್ತ ಚೆನ್ನಾಗಿದೆ."

"ರಕ್ತ ಚೆನ್ನಾಗಿದೆ, ಬುದ್ಧಿ ಕೆಟ್ಟಿದೆ," ಅಂದು ಬಟ್ಟಲನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು ಹೋದಳು. ತಲೆಗೆ, ಎದೆಗೆ ತಾನೇ ಎಣ್ಣೆ ಹಚ್ಚಿಕೊಂಡ. ಬೆನ್ನು ಒಣಗಿಯೇ ಉಳಿಯಿತು.

ಮುಂದಿನ ಪರೀಕ್ಷೆಯಲ್ಲಿ ರಕ್ತದ ಆ ಅಂಶ ಏರಿತ್ತು. ಹೆದರಿ ಓಡಿದ. ಡಾಕ್ಟರು ಅಂಗಿ ಬಿಚ್ಚಿಸಿದರು. ಬೆನ್ನ ನಡುವೆ ಹುಣಸೆಬೀಜದಂಥ ಕಪ್ಪು ಗಂಟುಗಳು.

"ಯಾವಾಗಿನಿಂದ ಇವು?"

"ಗೊತ್ತಿಲ್ಲ ಡಾಕ್ಟ್ರೇ. ಕೈ ಎಟುಕೋದಿಲ್ಲ."

ಕೇಳಿದಿರಾ? ಊರಿನ ಅರ್ಧ ಆಸ್ತಿಗೆ ಎಟುಕಿದ ಕೈ ಬೆನ್ನಿಗೆ ಎಟುಕಲಿಲ್ಲ. ನಿಮ್ಮ ಕೈ ಎಟುಕುತ್ತದೆಯೇ? ಆ ಕಂಬದ ಹತ್ತಿರ ನಗುತ್ತಿದ್ದೀರಲ್ಲ, ನೀವೇ, ಪ್ರಯತ್ನಿಸಿ ನೋಡೋಣ! ಆಗುವುದಿಲ್ಲ. ದೇವರು ಬೆನ್ನನ್ನು ಹಿಂದೆ ಇಟ್ಟದ್ದೇ ಇನ್ನೊಬ್ಬರು ಬೇಕು ಅಂತ. ಡಾಕ್ಟರು ಹೇಳಿದ ಪರೀಕ್ಷೆ ಮಾಡಿಸಿ, ಅವರೆದುರು ಹೋಗಿ ನಿಲ್ಲಿ. ಅದರ ಜೊತೆಗೆ ಇನ್ನೊಂದು ಕೆಲಸ. ನಾಳೆ ಅಲ್ಲ, ಇವತ್ತು. ಮಂಗಳಾರತಿ ಆದ ಕೂಡಲೇ ಮಾತು ಬಿಟ್ಟವರ ಮನೆಗೆ ನಡೆಯಿರಿ. "ತಪ್ಪಾಯ್ತು" ಅನ್ನಲು ನಾಲಿಗೆ ಏಳದಿದ್ದರೆ ಬೇಡ. ಹೊಸ್ತಿಲಲ್ಲಿ ತಿರುಗಿ ನಿಂತು, "ಬೆನ್ನು ನೋಡು" ಅನ್ನಿ.