ತೋಳೇರಿಸಿ ಬಂದ ಬೀಗರು

ಕುಲದ ಹೆಮ್ಮೆಯ ಮಾತು ಬಂತಲ್ಲ, ಅದಕ್ಕೊಂದು ದೃಷ್ಟಾಂತ ಕೇಳಿ. ಒಂದು ಪೇಟೆಯಲ್ಲಿ ಒಬ್ಬ ಸಾಹುಕಾರನಿದ್ದ. ಪೇಟೆಯ ಹೆಸರು ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಕೆಲವರು ಈಗಲೇ ಚಪ್ಪಲಿ ಹುಡುಕಿಕೊಂಡು ಏಳುತ್ತೀರಿ.

ಸಾಹುಕಾರನಿಗೆ ಎಣ್ಣೆ ಗಿರಣಿ ಇತ್ತು, ಊರಲ್ಲಿ ಮಾತು ನಡೆಯುತ್ತಿತ್ತು, ಕಣ್ಣಿನ ಗೊಂಬೆಯಂಥ ಒಬ್ಬಳೇ ಮಗಳಿದ್ದಳು. ಆ ಮಗು ಒಮ್ಮೊಮ್ಮೆ ಆಡುತ್ತಾಡುತ್ತಲೇ ಬೀಳುತ್ತಿತ್ತು. ಕೈಕಾಲು ಸೆಟೆಯುತ್ತಿದ್ದವು, ಬಾಯಲ್ಲಿ ನೊರೆ ಬರುತ್ತಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ನೋಡಿ, ಇದು ಫಿಟ್ಸ್ ಎಂದು ಹೇಳಿ ಗುಳಿಗೆ ಕೊಟ್ಟಿದ್ದರು. ಗುಳಿಗೆ ನುಂಗಿದರೂ ಅದು ಬರುವುದು ನಿಂತಿರಲಿಲ್ಲ.

ಸಾಹುಕಾರ ಮಗಳನ್ನು ಎತ್ತಿಕೊಂಡು ತಿರುಗಿದ, ಹರಕೆ ಹೊತ್ತ, ಊಟ ಬಿಟ್ಟ. ಒಂದು ಕೆಲಸ ಮಾತ್ರ ಮಾಡಲಿಲ್ಲ. ಆ ಕಾಯಿಲೆಯ ಹೆಸರನ್ನು ಬಾಯಲ್ಲಿ ಆಡಲಿಲ್ಲ. ಶಾಲೆಯ ಗುರುಗಳು ಕೇಳಿದರೆ, "ಏನಿಲ್ಲರೀ ಸರ, ಬಿಸಿಲಿಗೆ ತಲಿ ತಿರಗೇತಿ" ಎನ್ನುತ್ತಿದ್ದ. ಶ್ರಾವಣದ ಜಡಿಮಳೆಯಲ್ಲೂ ಅದೇ ಬಿಸಿಲು. ಗುರುಗಳು ಪಾಪ, ಕೊಡೆ ಮಡಚುತ್ತಾ ಹೂಂ ಎನ್ನುತ್ತಿದ್ದರು.

ಮನೆಯೊಳಗಂತೂ ಬೇರೆಯೇ ಆಟ. ಸಾಹುಕಾರನ ತಾಯಿಯದು ಒಂದೇ ಮಾತು: "ನಮ್ಮ ಮನೆತನದಾಗ ಇದು ಯಾರಿಗೂ ಇಲ್ಲ. ಬಂದ್ರ ಬೀಗರ ಕಡಿಂದನ ಬಂದಿರಬೇಕು." ಬೀಗರೆಂದರೆ ಸೊಸೆಯ ತಂದೆ. ಅವರೇನು ಸುಮ್ಮನಿರುವವರೆ? ಹಬ್ಬಕ್ಕೆ ಬಂದಾಗಲೆಲ್ಲ ಹೋಳಿಗೆ ಮುರಿಯುತ್ತಾ, "ನಮ್ಮ ಕಡೆ ಅಜ್ಜ ಮುತ್ತಜ್ಜ ಎಲ್ಲಾರೂ ಕಲ್ಲಿನಂಗ ಇದ್ರು. ಇದು ಎಲ್ಲಿಂದ ಬಂತಂತ ನನಗ ಗೊತ್ತದ" ಎನ್ನುತ್ತಿದ್ದರು. ನೋಡಿ, ಹೊಲದ ಬದುವಿಗೆ ಜಗಳ ಕಂಡಿದ್ದೇವೆ. ರೋಗದ ಬದುವಿಗೂ ಜಗಳವಾಡುವ ಜಾತಿ ನಮ್ಮದು.

ಹೀಗಿರಲು ಸಾಹುಕಾರ ಒಂದು ದಿನ ಪೇಪರಿನಲ್ಲಿ ಓದಿದ. ಮಕ್ಕಳ ಫಿಟ್ಸಿನ ಗುರುತನ್ನು ರಕ್ತದಲ್ಲೇ ಹುಡುಕುತ್ತಿದ್ದಾರೆ ಅಂತ. ಅವನ ಎದೆ ಹಗುರಾಯಿತು. ನಮ್ಮದು ಶುದ್ಧ ರಕ್ತ; ಅದೇ ಸಾಕ್ಷಿ ನುಡಿದು, ಮಗಳಿಗೆ ಆ ಕಾಯಿಲೆ ಇಲ್ಲವೇ ಇಲ್ಲ ಎಂದುಬಿಡುತ್ತದೆ. ಅಕಸ್ಮಾತ್ ಇದ್ದರೂ, ಯಾರ ಕಡೆಯದು ಎಂದಾದರೂ ಹೇಳುತ್ತದೆ. ಹೀಗಂದುಕೊಂಡ. ತಾಯಿಗೆ ಹೇಳಿದ. ತಾಯಿ ಸೊಸೆಗೆ ಚುಚ್ಚಿ ಹೇಳಿದಳು. ಸೊಸೆ ಅಳುತ್ತಾ ತೌರಿಗೆ ಫೋನ್ ಮಾಡಿದಳು.

ಮಗುವಿನ ರಕ್ತ ಪರೀಕ್ಷೆಗೆ ಆಸ್ಪತ್ರೆಗೆ ಬರಹೇಳಿದ್ದ ದಿನ ಡಾಕ್ಟರಮ್ಮ ನೋಡುತ್ತಾರೆ, ಎರಡೂ ಮನೆತನ ಬೆಂಚಿನ ಮೇಲೆ ಕೂತಿದೆ. ಎಲ್ಲರೂ ಉಪವಾಸ. ಸಾಹುಕಾರನ ತಾಯಿ, ಅಂದರೆ ಮಗುವಿನ ಅಜ್ಜಿ, ಬಳೆ ಮೇಲೇರಿಸಿಕೊಂಡಿದ್ದಾಳೆ. ಬೀಗರು ಜುಬ್ಬದ ತೋಳು ಮಡಚಿಕೊಂಡಿದ್ದಾರೆ.

"ಬೀಗ್ತೇರ, ನಮ್ಮ ರಕ್ತ ಒಮ್ಮೆ ನೋಡ್ರಿ, ಹಾಲಿನಂಗ ಅದ" ಎಂದರು ಬೀಗರು.

"ರಕ್ತ ಹಾಲಿನಂಗ ಇದ್ರ ಅದಕ್ಕೂ ಒಂದು ಔಷಧ ಬರಸ್ಕೊಂಡು ಹೋಗ್ರಿ" ಎಂದಳು ಅಜ್ಜಿ.

ಡಾಕ್ಟರಮ್ಮ ಕೇಳಿದರು, "ಪೇಷಂಟ್ ಯಾರ್ರೀ ಇಲ್ಲಿ?" ಆಗ ನೆನಪಾಯಿತು ಎಲ್ಲರಿಗೂ. ಮಗು ಹೊರಗೆ ಮೆಟ್ಟಿಲ ಮೇಲೆ ಕೂತು ಇರುವೆ ಸಾಲು ನೋಡುತ್ತಿತ್ತು.

ಡಾಕ್ಟರಮ್ಮ ಮಗುವನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಸಾವ್ಕಾರ್ರ, ನೀವು ಓದಿದ್ದು ಖರೆ. ರಕ್ತದಾಗ ಗುರುತು ಹುಡುಕಾಕತ್ತಾರ. ಮುಂದ ಒಂದಿನ ಸಿಗಬಹುದು. ಇವತ್ತು ನಾ ಈಕಿ ರಕ್ತ ತಗಿಯೂದು ಸಕ್ಕರಿ, ಉಪ್ಪಿನ ಅಂಶ ನೋಡಾಕ, ಗುಳಿಗಿ ಲಿವರಿಗೆ ತ್ರಾಸ ಕೊಡಾಕತ್ತೇತೇನಂತ ನೋಡಾಕ. ಮನೆತನ ನೋಡಾಕಲ್ಲ."

"ಮತ್ತ ಗುಳಿಗಿ ಯಾಕ ನಾಟವಲ್ದು?" ಎಂದ ಸಾಹುಕಾರ. ಅವನ ದನಿ ಸಣ್ಣಗಾಗಿತ್ತು.

"ಫಿಟ್ಸಿನ್ಯಾಗ ಬ್ಯಾರೆ ಬ್ಯಾರೆ ನಮೂನಿ ಅದಾವ್ರೀ. ಒಂದರ ಗುಳಿಗಿ ಇನ್ನೊಂದಕ್ಕ ನಡಿಯೂದಿಲ್ಲ. ಯಾವ ನಮೂನಿ ಅಂತ ತಿಳೀಬೇಕಂದ್ರ, ಕಣ್ಣಾರೆ ನೋಡಿದವರು ಹೇಳಬೇಕು. ಹೋದ ಸಲ ಬಂದಾಗ ಮೊದಲ ಯಾವ ಕೈ ಸೆಟೀತು? ಕಣ್ಣು ಯಾವ ಕಡೆ ಹೊಳ್ಳಿದ್ವು? ಎಷ್ಟೊತ್ತು ಇತ್ತು?"

ಹೋದ ಸಲ ಬಂದಾಗ ಹಬ್ಬ. ಇವರೆಲ್ಲ ಮನೆಯಲ್ಲೇ ಇದ್ದರು.

"ನಾ ಈಕಿ ಕೈಯಾಗ ಹಿಡಸಾಕ ಕಬ್ಬಿಣದ ಕೀಲಿ ತರಾಕ ಓಡಿದ್ದೆ" ಎಂದಳು ಅಜ್ಜಿ.

"ನಾ ಮೂಗಿಗೆ ಹಿಡಿಯಾಕ ಉಳ್ಳಾಗಡ್ಡಿ ಜಜ್ಜಾಕತ್ತಿದ್ದೆ" ಎಂದರು ಬೀಗರು.

"ನಾ ದೇವರ ಮುಂದ ಕುಂತಿದ್ದೆ" ಎಂದಳು ಮಗುವಿನ ತಾಯಿ.

"ನಾನು…" ಎಂದ ಸಾಹುಕಾರ, "ಕಿಟಕಿ ಹಾಕಾಕತ್ತಿದ್ದೆ. ಮಂದಿ ನೋಡ್ತಾರ ಅಂತ."

ಡಾಕ್ಟರಮ್ಮ ಮಗುವಿನ ಕಡೆ ತಿರುಗಿದರು. ಮಗು ಹೇಳಿತು, "ನನಗ ಗೊತ್ತಿಲ್ರೀ. ನಾ ಅವಾಗ ಎಚ್ಚರಿರಂಗಿಲ್ಲ. ಇವರೆಲ್ಲಾ ಎಚ್ಚರಿದ್ರು."

ಕೇಳಿದಿರಾ? ಇವರೆಲ್ಲಾ ಎಚ್ಚರಿದ್ರು.

ರಕ್ತ ತೆಗೆದದ್ದಾಯಿತು. ಮತ್ತೆ ಬಂದರೆ ಏನು ಮಾಡಬೇಕು, ಏನು ನೋಡಬೇಕು ಎಂದು ಡಾಕ್ಟರಮ್ಮ ತಿಳಿಸಿ ಕಳಿಸಿದರು. ಮುಂದೆ ಆಯುಧಪೂಜೆ ಬಂತು. ಗಿರಣಿ ತುಂಬ ವ್ಯಾಪಾರಿಗಳು, ನೆಂಟರು. ಆರತಿಯ ಹೊತ್ತಿಗೆ ಮಗು ಬಿತ್ತು. ಸಾಹುಕಾರನ ಕಾಲು ರೂಢಿಯಂತೆ ಬಾಗಿಲಿಗೆ ಓಡಿತು. ಶಟರಿಗೆ ಕೈ ಹಚ್ಚಿಯೂ ಆಗಿತ್ತು. ಹೊರಗೆ ಅರ್ಧ ಊರು ನಿಂತಿದೆ. ಎಳೆದರೆ ಮಾನ ಉಳಿಯುತ್ತದೆ. ಎಳೆದು ಬರುವಷ್ಟರಲ್ಲಿ ನೋಡಬೇಕಾದದ್ದು ಮುಗಿದಿರುತ್ತದೆ, ಮಗಳು ಮತ್ತೆ ಅದೇ ನಾಟದ ಗುಳಿಗೆ ನುಂಗುತ್ತಾ ಬೀಳುತ್ತಿರಬೇಕು. ಏನು ಮಾಡಬೇಕು ಅವನು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಅವನು ಶಟರು ಬಿಟ್ಟ. ಹೊಸ ಧೋತರ ಉಟ್ಟುಕೊಂಡೇ ಎಣ್ಣೆಯ ನೆಲದ ಮೇಲೆ ಕೂತ. ಮಗಳನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತನ್ನ ಶಲ್ಯ ಮಡಚಿಟ್ಟ.

"ಏನಾತ್ರೀ ಸಾವ್ಕಾರ್ರ, ಬಿಸಿಲೇನು?" ಎಂದ ಒಬ್ಬ ವ್ಯಾಪಾರಿ.

"ಬಿಸಿಲಲ್ಲ. ನನ್ನ ಮಗಳಿಗೆ ಫಿಟ್ಸ್ ಬರ್ತಾವ. ಸುಮ್ಮ ನಿಂದರ್ರಿ, ನಾ ನೋಡಾಕತ್ತೇನಿ."

ನೋಡಿದ. ತಂದೆಯಾದವನಿಗೆ ಅದನ್ನು ನೋಡುವುದು ಸುಲಭವೆ? ಆದರೂ ಕಣ್ಣು ಕೀಳದೆ ನೋಡಿದ. ಮೊದಲು ಎಡಗೈ, ಆಮೇಲೆ ತುಟಿಯ ಎಡ ಅಂಚು, ಆಮೇಲೆ ಇಡೀ ಮೈ. ಮರುದಿನ ಹೋಗಿ ಅಷ್ಟನ್ನೂ ಹೇಳಿದ. ಡಾಕ್ಟರಮ್ಮ ತಲೆಯ ಪರೀಕ್ಷೆ ಮಾಡಿಸಿ, ಗುಳಿಗೆ ಬದಲಿಸಿದರು. ಕಾಯಿಲೆ ಮಾಯವಾಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಆ ಮಗು ಮುಂದಿನ ಚಳಿಗಾಲವನ್ನು ಒಮ್ಮೆಯೂ ಬೀಳದೆ ಕಳೆಯಿತು.

ನಕ್ಕಿರಿ. ಅಜ್ಜಿಗೆ ನಕ್ಕಿರಿ, ಬೀಗರಿಗೆ ನಕ್ಕಿರಿ. ಈಗ ನಿಮ್ಮ ಮನೆಗೆ ಬರೋಣವೆ? ಮಗುವಿಗೆ ಒಂದು ನೋವು ಬಂದರೆ ನೀವು ಮೊದಲು ನೋಡುವುದು ಮಗುವನ್ನೋ, ಕಿಟಕಿಯನ್ನೋ? ರಕ್ತ ಮುಂದೆ ಏನು ಬೇಕಾದರೂ ಹೇಳಲಿ, ವಿದ್ಯೆ ಬೆಳೆಯಲಿ, ಒಳ್ಳೆಯದೇ. ಇವತ್ತು ಹೇಳಬೇಕಾದವರು ನೀವು. ಫಿಟ್ಸ್ ಬಂದ ಮಗುವಿನ ಬಾಯಿಗೆ ನೀರು, ಚಮಚ ಏನೂ ಹಾಕಬೇಡಿ, ಅದುಮಿ ಹಿಡಿಯಬೇಡಿ. ಮಗ್ಗುಲಿಗೆ ಹೊರಳಿಸಿ ಹತ್ತಿರ ಕೂತು ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ. ಕಡಿಮೆಯಾಯಿತೆಂದು ನೀವೇ ಗುಳಿಗೆ ನಿಲ್ಲಿಸಬೇಡಿ. ನಾಳೆ ಬೆಳಿಗ್ಗೆ ಶಾಲೆಗೆ ಹೋಗಿ, ಗುರುಗಳ ಮುಂದೆ ಕಾಯಿಲೆಯ ಹೆಸರು ಹೇಳಿ ಬನ್ನಿ. ಹೇಳಲು ನಾಚಿಕೆಯೆ? ಸರಿ, ಇಲ್ಲೇ ರೂಢಿ ಮಾಡಿಕೊಳ್ಳೋಣ. ಎಲ್ಲರೂ ನನ್ನ ಜೊತೆ ಹೇಳಿ: ಮೂರ್ಛೆರೋಗ.

ಮುಂದಿನ ಸಾಲಿನವರು ಬರೀ ತುಟಿ ಆಡಿಸಿದಿರಿ, ನಾನು ನೋಡಿದೆ. ಇನ್ನೊಮ್ಮೆ, ಗಟ್ಟಿಯಾಗಿ.