ಬಂಡೆಯ ಮೇಲಿನ ಬೋರ್ಡು ಕಿತ್ತ ಬಗ್ಗೆ ಹಾಲಿನಕ್ಕನ ಹೇಳಿಕೆ

ಹೆಸರು: ಊರಿನವರು ಕರೆಯುವಂತೆ ಹಾಲಿನಕ್ಕ. ವಯಸ್ಸು: ನಲವತ್ತೇಳು. ಕಸುಬು: ಎಮ್ಮೆ ಸಾಕಿ ಹಾಲು ಮಾರುವುದು. ವಾಸ: ದೊಡ್ಡ ಬಂಡೆಯ ಬುಡದ ಕೊನೆಯ ಮನೆ.

ಠಾಣೆಯಲ್ಲಿ ಕೇಳಿದ್ದಕ್ಕೆ ನನ್ನ ಬಾಯಿಂದಲೇ ಹೇಳಿ ಬರೆಸಿದ್ದು ಏನೆಂದರೆ, ನನ್ನ ಮೇಲೆ ದೂರು ಕೊಟ್ಟಿರುವ, ಪ್ರವಾಸಿಗರನ್ನು ಬಂಡೆಗೆ ಕರೆತರುವ ಜೀಪಿನವನು ಬೇರೆ ಯಾರೂ ಅಲ್ಲ, ನನ್ನ ಅಣ್ಣನ ಮಗ. ಅವನ ಬೋರ್ಡನ್ನು ನಾನು ಕದ್ದಿಲ್ಲ, ಕಿತ್ತಿದ್ದೇನೆ. ಹಾಡಹಗಲೇ, ನಾಲ್ಕು ಜನರ ಮುಂದೆ ಕಿತ್ತಿದ್ದೇನೆ.

ಪ್ರವಾಸಿಗರು ಬರಬಾರದು ಎನ್ನುವವಳು ನಾನಲ್ಲ. ನಮ್ಮದು ಇಳಿಜಾರಿನ ಊರು, ಹುಲ್ಲು ಬಿಟ್ಟರೆ ಬೇರೇನೂ ನೆಟ್ಟಗೆ ಬೆಳೆಯುವುದಿಲ್ಲ. ಅವರು ಬರತೊಡಗಿದ ಮೇಲೆ ಹಾಲು ಹೊತ್ತು ಪೇಟೆಗೆ ಹೋಗುವುದು ನನಗೆ ತಪ್ಪಿದೆ. ತೀರಿಹೋದ ನನ್ನ ಅಕ್ಕನ ಮಗಳು ಬಂಡೆಯ ಮೇಲೆ ಚಹಾದಂಗಡಿ ಇಟ್ಟು ಮನೆ ನಡೆಸುತ್ತಿದ್ದಾಳೆ. ಆದರೆ ಕಳೆದ ತಿಂಗಳು ಜೀಪಿನವನು ಅಲ್ಲಿ 'ಪ್ರೇಮಿಗಳ ಬಂಡೆ' ಎಂದು ಬೋರ್ಡು ನೆಟ್ಟ. ಮದುವೆಯಾದ ಹೆಣ್ಣೊಬ್ಬಳು ಪ್ರಿಯಕರನಿಗಾಗಿ ಅಲ್ಲಿಂದ ಹಾರಿದಳೆಂದೂ, ಕೂಗಿದರೆ ಇಂದಿಗೂ ಓಗೊಡುತ್ತಾಳೆಂದೂ ಬಂದವರಿಗೆಲ್ಲ ಕಥೆ ಕಟ್ಟಿ ಹೇಳತೊಡಗಿದ. ಆ ಕಣಿವೆಯಲ್ಲಿ ಯಾರು ಕೂಗಿದರೂ ದನಿ ತಿರುಗಿ ಬರುತ್ತದೆ. ನನ್ನ ಎಮ್ಮೆ ಕೂಗಿದರೂ ಬರುತ್ತದೆ.

ನಾನು ಅವನ ಮನೆಗೇ ಹೋಗಿ ಕೇಳಿದೆ. "ಅತ್ತೇ, ಹುಲ್ಲು ಕೊಯ್ಯೋಕೆ ಹೋಗಿ ಜಾರಿ ಬಿದ್ಲು ಅಂದ್ರೆ ಯಾರು ಜೀಪ್ ಹತ್ತುತಾರೆ? ನಾನೇನು ಹೆಸರು ಹೇಳಿದೀನಾ?" ಎಂದ. ಆ ಬಂಡೆಯಿಂದ ಬಿದ್ದು ಸತ್ತವಳು ಊರಿಗೆಲ್ಲ ಒಬ್ಬಳೇ, ನನ್ನ ಅಕ್ಕ, ನಿನಗೂ ಸೋದರತ್ತೆ, ಹೆಸರು ಬೇರೆ ಹೇಳಬೇಕೇನೋ ಎಂದು ಬೈದು ಬಂದೆ.

ನಿನ್ನೆ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಚಹಾದಂಗಡಿಗೆ ಹಾಲು ಕೊಡಲು ಹೋದೆ. ಜೀಪಿನಲ್ಲಿ ಬಂದಿದ್ದ ಹೆಂಗಸೊಬ್ಬಳು ಬೆಂಚಿನ ಮೇಲೆ ಕುಳಿತು, "ಅವಳಿಗೆ ಮಗೂನೂ ಇತ್ತಂತೆ. ಹೆತ್ತ ಮಗೂನ ಬಿಟ್ಟು ಹಾರೋಕೆ ಹೇಗೆ ಮನಸ್ಸು ಬಂತೋ!" ಎಂದಳು. ಅವಳ ಲೋಟಕ್ಕೆ ಚಹಾ ಸೋಸುತ್ತಿದ್ದದ್ದು ಆ ಮಗುವೇ. ಅಕ್ಕನ ಮಗಳು ಸ್ಟೌವ್ ಆರಿಸಿದಳು. ನನ್ನ ಕಡೆ ತಿರುಗಿ, "ಚಿಕ್ಕಮ್ಮಾ, ನಿಜ ಹೇಳು. ಅಮ್ಮ ನನ್ನ ಬಿಟ್ಟು ಹಾರಿದ್ಲಾ?" ಎಂದು ಕೇಳಿದಳು. ನಾನು ಎತ್ತಿ ಆಡಿಸಿ ಸಾಕಿದ ಹುಡುಗಿ ಕೇಳಿದ ಮಾತು ಇದು.

ಅಂದು ನಡೆದದ್ದನ್ನು ಅಲ್ಲೇ ಎಲ್ಲರೂ ಕೇಳುವಂತೆ ಹೇಳಿದೆ, ಇಲ್ಲೂ ಬರೆಸುತ್ತೇನೆ. ಆಗ ನನಗೆ ಹದಿನಾರು ವರ್ಷ. ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ. ಅಕ್ಕ ಮೇಲೆ ಹುಲ್ಲು ಕೊಯ್ಯುತ್ತಿದ್ದಳು, ನಾನು ಕೆಳಗೆ ಅಂಗಳದಲ್ಲಿ ಅವಳ ಮಗುವನ್ನು ಎತ್ತಿಕೊಂಡು ನಿಂತಿದ್ದೆ. ಮಗು ಅಳುತ್ತಿತ್ತು. ಅಕ್ಕ ಹೊರೆ ಕಟ್ಟಿ ತಲೆಗೇರಿಸಿ, "ಹಸಿವಾಗಿರ್ಬೇಕು ಕಣೇ, ಬಂದೆ!" ಎಂದು ಕೂಗಿದಳು. ಕಾಲು ಜಾರಿತು. ಆ ಕೂಗು ಕಣಿವೆಯಿಂದ ತಿರುಗಿ ಬರುವಷ್ಟರಲ್ಲಿ ಅಕ್ಕ ಇರಲಿಲ್ಲ. ಸಾಯಲು ಹೊರಟವಳು ಹುಲ್ಲಿನ ಹೊರೆ ಕಟ್ಟುತ್ತಾಳೆಯೇ, ತಾವೇ ಹೇಳಿ.

ನಂತರ ಅಂಗಡಿಯ ಹಿಂದಿದ್ದ ಹಾರೆ ತಂದು ಬೋರ್ಡು ಕಿತ್ತೆ. ಜೀಪಿನವನು ಓಡಿ ಬಂದು, "ನನ್ನ ಹೊಟ್ಟೆ ಮೇಲೆ ಹೊಡೀತಿದೀಯ ಅತ್ತೆ" ಎಂದು ಕೂಗಾಡಿದ. ನಿನ್ನ ಹೊಟ್ಟೆಪಾಡಿಗೆ ನನ್ನ ಅಕ್ಕನ ಮಾನವೇ ಬೇಕಾಯಿತೇನೋ ಎಂದು ಕೇಳಿದೆ. ಅವನು ಅಲ್ಲಿಂದ ನೇರ ಠಾಣೆಗೆ ಬಂದಿದ್ದಾನೆ. ಬೋರ್ಡು ಈಗ ನನ್ನ ಕೊಟ್ಟಿಗೆಯ ಚರಂಡಿಗೆ ಮುಚ್ಚಳವಾಗಿದೆ, ಎಮ್ಮೆಗಳು ಅದರ ಮೇಲೆ ಓಡಾಡುತ್ತವೆ. ಬೇಕಿದ್ದರೆ ತೊಳೆದುಕೊಂಡು ಒಯ್ಯಲಿ. ಮತ್ತೆ ನೆಟ್ಟರೆ ಮತ್ತೆ ಕೀಳುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಸೇರಿಸಿದ್ದರು. ನಾನು ಹಾಗೆ ಹೇಳಿಲ್ಲ, ಹೊಡೆದುಹಾಕಿಸಿದ್ದೇನೆ. ಅಕ್ಕನ ಮಾತನ್ನು 'ಬರುತ್ತೇನೆ' ಎಂದು ಬರೆದಿದ್ದರು, ಅದನ್ನೂ ತಿದ್ದಿಸಿದ್ದೇನೆ. ಅವಳು ಅಂದದ್ದು 'ಬಂದೆ' ಎಂದು. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜ.

ಸ್ಥಳ: ಠಾಣೆಯ ಹೊರಕೋಣೆ
ದಿನಾಂಕ: ಬೋರ್ಡು ಕಿತ್ತ ಮರುದಿನ, ಸೋಮವಾರ
ಸಹಿ: ಹಾಲಿನಕ್ಕ
ಜೊತೆಗೆ ಬಂದು, ಓದಿದ್ದನ್ನು ಕೇಳಿ, ಸಾಕ್ಷಿ ಸಹಿ ಹಾಕಿದವಳು: ಅಕ್ಕನ ಮಗಳು